ಮಾವನ ಕಾರು ದಿಬ್ಬ ಹತ್ತದ ಪ್ರಸಂಗ

ಜಗತ್ತಿನಲ್ಲಿ ಯಾವ ವಸ್ತು ಕೆಟ್ಟರೂ ಅದಕ್ಕೆ ಯಾರೋ ಒಬ್ಬರು ಕಾರಣರಾಗಿರುತ್ತಾರೆ, ಆ ಒಬ್ಬರು ತಾವಂತೂ ಆಗಿರಲು ಸಾಧ್ಯವೇ ಇಲ್ಲ ಎಂಬುದು ಕವರ್ ಸಾಹೇಬರ ಅಚಲ ನಂಬಿಕೆ. ಈ ನಂಬಿಕೆಗೆ ಅವರಿಗೆ ತಿಂಗಳ ಸಂಬಳವೂ ಸಿಗುತ್ತದೆ. ಅವರು ವಿಮೆ ಕಚೇರಿಯಲ್ಲಿ ತನಿಖಾಧಿಕಾರಿ. ಅಂಗಡಿ ಸುಟ್ಟುಹೋಯಿತು, ಸ್ಕೂಟರ್ ಮೋರಿಗೆ ಬಿತ್ತು ಎಂದು ಜನ ಪರಿಹಾರ ಕೇಳಿಕೊಂಡು ಬಂದರೆ, ತಪ್ಪು ಬಂದವರದೇ ಎಂದು ಸಾಬೀತು ಮಾಡಿ ಬರಿಗೈಯಲ್ಲಿ ವಾಪಸ್ ಕಳಿಸುವುದು ಇವರ ಕೆಲಸ. ಅರ್ಜಿಯ ಕೊನೆಗೆ "ಸ್ವಯಂಕೃತ. ಪರಿಹಾರವಿಲ್ಲ" ಎಂದು ಬರೆದು ಸಹಿ ಹಾಕಿದ ದಿನ ಸಾಹೇಬರಿಗೆ ಊಟ ನಾಲ್ಕು ತುತ್ತು ಹೆಚ್ಚು ಸೇರುತ್ತದೆ.

ಇನ್ನು ಕವರ್ ಎಂಬ ಬಿರುದು ಬೀದಿಯವರು ದಯಪಾಲಿಸಿದ್ದು. ಸಾಹೇಬರ ಮನೆಯಲ್ಲಿ ಮೈತುಂಬ ಹೊದ್ದುಕೊಳ್ಳದ ವಸ್ತುವೇ ಇಲ್ಲ. ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಚೀಲ, ಆ ಚೀಲ ಹರಿಯಬಾರದೆಂದು ಮೇಲೊಂದು ಬಟ್ಟೆಯ ಚೀಲ (ಯಾವ ಗುಂಡಿ ಒತ್ತಿದರೂ ಧ್ವನಿ ಮಾತ್ರ ಜಾಸ್ತಿಯಾಗುತ್ತದೆ). ಸೋಫಾಕ್ಕೆ ಕವರು, ಕವರಿಗೊಂದು ಕವರು. ಸೋಫಾದ ನಿಜವಾದ ಬಣ್ಣ ಯಾವುದೆಂದು ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ. ಪ್ರತಿ ಬಾಗಿಲಿಗೂ ಕಾಲೊರಸು, ಕಾಲೊರಸು ಕೊಳೆಯಾಗದಿರಲಿ ಎಂದು ಅದರ ಮೇಲೆ ಹಳೆಯ ಕಾಲೊರಸು, ಹಳೆಯದಕ್ಕೂ ಒಂದು ಮರ್ಯಾದೆ ಬೇಡವೇ ಎಂದು ಅದರ ಮೇಲೊಂದು ಗೋಣಿತಟ್ಟು. ಇದರಿಂದಾಗಿ ಆ ಮನೆಯ ಯಾವ ಬಾಗಿಲೂ ಪೂರ್ತಿ ತೆರೆಯುವುದಿಲ್ಲ. ಬಚ್ಚಲಿಗೆ ಹೋಗುವವರು ಕೂಡ ಅಡ್ಡ ತಿರುಗಿ, ಹೊಟ್ಟೆ ಎಳೆದುಕೊಂಡು ನುಸುಳಬೇಕು. ದಪ್ಪಗಿದ್ದ ನೆಂಟರು ಬರುವುದನ್ನೇ ಬಿಟ್ಟರು, ಅದನ್ನೂ ಸಾಹೇಬರು ಲಾಭದ ಬಾಬತ್ತಿಗೆ ಸೇರಿಸಿಕೊಂಡರು.

ಇಂಥ ಮನೆಗೆ ಒಂದು ಹಳೇ ಕಾರು ಬಂತು. ಅದು ಸಾಹೇಬರ ಮಾವನದು. ಸಾಯುವ ಮುಂಚೆ ಮಾವ ತಮ್ಮ ಮಗಳ ಅಂಗೈಯಲ್ಲಿ ಕೀಲಿಕೈ ಇಟ್ಟು, "ಇದು ನಿಂದು ಮಗಳೇ, ಓಡಿಸ್ತಾ ಇರು" ಅಂದಿದ್ದರು. ಆ ಕಾರಿನಲ್ಲೇ ಅವಳು ಅಪ್ಪನ ಪಕ್ಕ ಕೂತು ಡ್ರೈವಿಂಗ್ ಕಲಿತದ್ದು, ಲೈಸೆನ್ಸ್ ತೆಗೆದುಕೊಂಡದ್ದು. ಆದರೆ ಕಾರು ಗೇಟಿನೊಳಗೆ ಬಂದ ದಿನವೇ ಕೀಲಿಕೈ ಸಾಹೇಬರ ಜೇಬು ಸೇರಿತು (ಅದಕ್ಕೂ ಒಂದು ಚರ್ಮದ ಚೀಲ ಬಂತೆಂದು ಬೇರೆ ಹೇಳಬೇಕಿಲ್ಲ). "ನೀನು ಓಡಿಸಿದ್ರೆ ಕ್ಲಚ್ ಹೋಗುತ್ತೆ" ಎಂದರು. ಹೆಂಡತಿ ಚಿಕ್ಕ ಮಕ್ಕಳ ಶಾಲೆಯ ಟೀಚರ್. ಅಪ್ಪನ ಕಾರು ಅಂಗಳದಲ್ಲಿ ನಿಂತಿರುತ್ತಿತ್ತು. ಅವಳು ಮಕ್ಕಳ ಪುಸ್ತಕದ ಚೀಲ ಹೊತ್ತು ಎರಡು ಬಸ್ಸು ಬದಲಿಸಿ ಶಾಲೆಗೆ ಹೋಗುತ್ತಿದ್ದಳು. ದಿನಾ ಗೇಟು ಹಾಕುವಾಗ ಒಮ್ಮೆ ಅದರ ಕಡೆ ತಿರುಗಿ ನೋಡುತ್ತಿದ್ದಳು.

ಸಾಹೇಬರು ಕಾರನ್ನು ಸುಮ್ಮನೆ ಓಡಿಸಲಿಲ್ಲ, ಮೊದಲು ಹೊದಿಸಿದರು. ಸೀಟಿಗೆ ಟವೆಲ್ಲು, ಸ್ಟಿಯರಿಂಗಿಗೆ ಉಣ್ಣೆ ಅಂಗಿ, ಗೇರಿನ ಹಿಡಿಗೊಂದು ಟೋಪಿ. ಕಾಲಿಡುವ ಜಾಗದಲ್ಲಿ ಮಾವನ ಕಾಲದ ಕಾರ್ಪೆಟ್ ಇತ್ತಲ್ಲ, ಅದು ಕೊಳೆಯಾಗದಿರಲು ಪ್ಲಾಸ್ಟಿಕ್ ಹಾಳೆ, ಹಾಳೆ ಜಾರದಿರಲು ರಬ್ಬರ್ ಮ್ಯಾಟು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವರು ಕವರ್ ಸಾಹೇಬರು ಯಾಕಾಗುತ್ತಿದ್ದರು.

ಒಂದು ದಿನ ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಕೀಲಿ ತಿರುಗಿಸಿದಷ್ಟೂ ಹೊತ್ತು ಮುದುಕನಂತೆ ಕೆಮ್ಮಿತು, ಕೊನೆಗೆ ಅಷ್ಟನ್ನೂ ನಿಲ್ಲಿಸಿತು. ಬಸ್ಸಿಗೆ ಹೊರಟಿದ್ದ ಹೆಂಡತಿ ಗೇಟಿನ ಹತ್ತಿರ ನಿಂತಳು.

"ರೀ, ಅದು ಹಳೇ ಗಾಡಿ. ಅಪ್ಪ ಮೊದಲು ಆಕ್ಸಿಲರೇಟರ್ ಎರಡು ಸಲ ಪೂರ್ತಿ ತುಳಿದು, ಇಂಜಿನ್ನಿಗೆ ಸ್ವಲ್ಪ ಪೆಟ್ರೋಲ್ ಕುಡಿಸಿ, ಆಮೇಲೆ ಕೀಲಿ ತಿರುಗಿಸ್ತಿದ್ರು."

"ನಾನೂ ಪೂರ್ತಿನೇ ತುಳೀತಿರೋದು. ನಿಮ್ಮಪ್ಪನ ಕಾಲಲ್ಲೇನು ವಿಶೇಷ ಇತ್ತು?"

"ವಿಶೇಷ ಏನಿಲ್ಲ. ಕಾರು ಸ್ಟಾರ್ಟ್ ಆಗ್ತಿತ್ತು ಅಷ್ಟೇ."

ಸ್ಟಾರ್ಟ್ ಆದ ದಿನವೂ ಸುಖವಿರಲಿಲ್ಲ. ಕಾರಿಗೆ ಪಿಕಪ್ಪೇ ಇಲ್ಲ. ಸಾಹೇಬರು ಕಾಲು ಊರಿ ಒತ್ತುತ್ತಾರೆ, ಕಾರು ಮದುವೆ ಮೆರವಣಿಗೆಯ ನಡಿಗೆಯಲ್ಲಿ ಹೋಗುತ್ತದೆ. ತರಕಾರಿಯ ತಳ್ಳುಗಾಡಿಯವನು ಹಿಂದಿನಿಂದ ಬಂದು, ಪಕ್ಕದಲ್ಲಿ ಸ್ವಲ್ಪ ಹೊತ್ತು ಜೊತೆ ಕೊಟ್ಟು, ಬೇಜಾರಾಗಿ ಮುಂದೆ ಹೋದ.

ಆಗ ಮೆಕ್ಯಾನಿಕ್ಕನ ಪ್ರವೇಶವಾಯಿತು. ಇವನನ್ನು ಜನ ಡಾಕ್ಟರ್ ಎನ್ನುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ನಿಲ್ಲುವುದು ಅವನ ವೈದ್ಯ ಪದ್ಧತಿ. ಇಂಜಿನ್ ಏನು ಹೇಳುತ್ತಿತ್ತೋ ಅವನಿಗೂ ತಿಳಿಯದು. ತನ್ನ ಅಂಗಡಿಯಲ್ಲಿ ಆವತ್ತು ಯಾವ ಸಾಮಾನು ಮಾರಾಟವಾಗದೆ ಉಳಿದಿದೆಯೋ ಅದೇ ಕೆಟ್ಟಿದೆ ಎಂದು ಹೇಳುವಷ್ಟು ಜ್ಞಾನ ಮಾತ್ರ ಅವನಿಗಿತ್ತು.

"ಪ್ಲಗ್ ಹೋಗಿದೆ ಸಾರ್. ಬಿಟ್ಟು ಹೋಗಿ."

ಸಾಹೇಬರು ಬಿಟ್ಟು ಹೋದರು. ಆದರೆ ಹೋಗುವ ಮುಂಚೆ ಕಾರೊಳಗಿನ ಮ್ಯಾಟುಗಳನ್ನೆಲ್ಲ ಎತ್ತಿ, ಸುರುಳಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡರು. ಗ್ಯಾರೇಜಿನವರ ಗ್ರೀಸ್ ಕಾಲನ್ನು ನಂಬುವ ಪೈಕಿ ಅವರಲ್ಲ. ಸಂಜೆ ಬಂದಾಗ ಡಾಕ್ಟರ್ ಕಾರನ್ನು ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ತೋರಿಸಿದ. ಕಾರು ಕಟ್ಟು ಬಿಚ್ಚಿದ ಕರುವಿನ ಹಾಗೆ ಓಡಿತು. "ನೋಡಿದ್ರಾ ಸಾರ್?" ಎಂದ, ಎದೆ ಉಬ್ಬಿಸಿಕೊಂಡು.

ಸಾಹೇಬರು ನೋಡಿದ್ದು ಬೇರೆಯದನ್ನು. ಮಾವನ ಕಾರ್ಪೆಟ್ಟಿನ ಮೇಲೆ ಒಂದು ಕಪ್ಪು ಹೆಜ್ಜೆಯ ಗುರುತು. ಅವರ ಜೀವ ಬಾಯಿಗೆ ಬಂತು. ಗುರುತನ್ನು ಉಜ್ಜಿ ತೆಗೆದು, ಹಳೆಯ ಮ್ಯಾಟುಗಳನ್ನು ಹಾಸಿ, ಇನ್ನು ಮುಂದೆ ಇಂಥ ಅನಾಹುತ ಆಗಬಾರದೆಂದು ಮೇಲೊಂದು ದಪ್ಪ ನಾರಿನ ಮ್ಯಾಟನ್ನೂ ಹಾಸಿದರು. ಮಾರನೆಯ ದಿನ ಕಾರು ಸ್ಟಾರ್ಟ್ ಆಗಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಚಿಕಿತ್ಸೆ ಹೀಗೆ ಶುರುವಾಯಿತು. ಪ್ಲಗ್ ಆದಮೇಲೆ ಪೆಟ್ರೋಲ್ ಫಿಲ್ಟರ್, ಅದಾದಮೇಲೆ ಕಾಯಿಲ್, ಅದಾದಮೇಲೆ ಕಾರ್ಬೊರೇಟರ್ ಬಿಚ್ಚಿ ತೊಳೆಯುವ ಮಹಾಯಾಗ. ಪ್ರತಿ ಸಲವೂ ಸಾಹೇಬರು ಹಾಸುಗಳನ್ನು ಕಂಕುಳಲ್ಲಿಟ್ಟುಕೊಂಡು ಹೋದಮೇಲೆ ಕಾರು ಗ್ಯಾರೇಜಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಪ್ರತಿ ಸಲವೂ ಒಳಗೊಂದು ಹೊಸ ಕೊಳೆಯ ಗುರುತು ಸಿಗುತ್ತಿತ್ತು, ಸಾಹೇಬರು ಹಳೆಯ ಬೆಡ್‌ಶೀಟ್ ಮಡಿಸಿಯೋ ಗೋಣಿತಟ್ಟು ಕತ್ತರಿಸಿಯೋ ಮತ್ತೊಂದು ಹಾಸು ಏರಿಸುತ್ತಿದ್ದರು. ಪ್ರತಿ ಸಲವೂ ಕಾರು ಮನೆಗೆ ಬಂದಮೇಲೆ ಮೊದಲಿಗಿಂತ ಜಾಸ್ತಿ ಕೆಡುತ್ತಿತ್ತು.

"ನನ್ನ ಹತ್ರ ಇದ್ದಾಗ ಚೆನ್ನಾಗೇ ಇರುತ್ತೆ ಸಾರ್. ಮನೇಲಿ ಯಾರಾದ್ರೂ ಮುಟ್ತಾರಾ?" ಎಂದು ಡಾಕ್ಟರ್ ಕೇಳಿದ.

ಇದು ಸಾಹೇಬರ ಭಾಷೆ. ಅವರ ಕಣ್ಣು ಹೊಳೆಯಿತು. ರಾತ್ರಿ ಊಟಕ್ಕೆ ಕೂತವರೇ ಹೆಂಡತಿಯ ವಿಚಾರಣೆ ಶುರು ಮಾಡಿದರು.

"ನಾನು ಇಲ್ಲದಿದ್ದಾಗ ಕಾರು ಮುಟ್ಟಿದ್ಯಾ?"

"ಕೀಲಿ ನಿಮ್ಮ ಜೇಬಲ್ಲಿ, ಜೇಬು ನಿಮ್ಮ ಮೈಮೇಲೆ. ನಾನು ಹೇಗ್ರೀ ಮುಟ್ಟಲಿ?"

"ಕೀಲಿ ಇಲ್ದೇನೂ ಮುಟ್ಟಬಹುದು."

"ಹೊರಗಡೆ ಧೂಳು ಒರೆಸ್ತೀನಿ. ಧೂಳು ಒರೆಸಿದ್ರೆ ಪಿಕಪ್ ಹೋಗುತ್ತಾ?"

"ಅದನ್ನ ತನಿಖೆ ಮಾಡ್ಬೇಕು" ಎಂದರು ಸಾಹೇಬರು, ಗಂಭೀರವಾಗಿ ಮಜ್ಜಿಗೆ ಕುಡಿಯುತ್ತ.

ತನಿಖೆಯ ದಿನ ಭಾನುವಾರ ಬಂತು. ಸಾಹೇಬರ ತಾಯಿಯ ಕನ್ನಡಕ ಬದಲಿಸಬೇಕಿತ್ತು. ಕಣ್ಣಿನ ಡಾಕ್ಟರು (ಇವರು ನಿಜವಾದ ಡಾಕ್ಟರು) ನೀರಿನ ಟ್ಯಾಂಕಿನ ದಿಬ್ಬದ ತುದಿಯಲ್ಲಿದ್ದರು. ಬೆಳಿಗ್ಗೆ ಕೀಲಿ ತಿರುಗಿಸಲು ಕೂತವರು ಬೀದಿಯವರೆಲ್ಲ ತಿಂಡಿ ಮುಗಿಸಿ ಬಂದು ನೋಡುವ ಹೊತ್ತಿಗೆ ಹೇಗೋ ಇಂಜಿನ್ನಿಗೆ ಜೀವ ಬರಿಸಿದರು. ಹಿಂದೆ ತಾಯಿ, ಮುಂದೆ ಹೆಂಡತಿ. ಕಾರು ದಿಬ್ಬದ ಅರ್ಧಕ್ಕೆ ಹೋಗಿ ನಿಂತಿತು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಲಾರಿ, ಎಲ್ಲರ ಹಾರ್ನೂ ಚೆನ್ನಾಗಿ ಕೆಲಸ ಮಾಡುತ್ತಿತ್ತು.

"ಕಾಲು ಕೊನೆವರೆಗೂ ಒತ್ತಿದೀನಿ" ಎಂದು ಸಾಹೇಬರು ಹಲ್ಲು ಕಚ್ಚಿ ಹೇಳಿದರು. ಕೊನೆ ಎಲ್ಲಿದೆ ಎಂದು ಬಗ್ಗಿ ನೋಡುವ ಯೋಚನೆ ಮಾತ್ರ ಬರಲಿಲ್ಲ. "ಅಮ್ಮ, ನೀನು ಸ್ವಲ್ಪ ಇಳೀತೀಯಾ?"

ತಾಯಿ ಇಳಿದರು. ಕಾರು ಒಂದು ಮಾರು ಮುಂದೆ ಹೋಯಿತು.

"ನೀನೂ ಇಳಿ."

ಹೆಂಡತಿ ಇಳಿದಳು. ಕಾರು ಏದುಸಿರು ಬಿಡುತ್ತ, ಸಾಹೇಬರೊಬ್ಬರನ್ನೇ ಹೊತ್ತು, ದಿಬ್ಬ ಹತ್ತಿತು. ಅತ್ತೆ ಸೊಸೆ ಇಬ್ಬರೂ ಬಿಸಿಲಲ್ಲಿ ಹಿಂದೆ ನಡೆದು ಬಂದರು. ಅತ್ತೆ ಮಂಡಿ ಹಿಡಿದುಕೊಂಡು ಎರಡು ಸಲ ಕಟ್ಟೆಯ ಮೇಲೆ ಕೂತರು. ಮೇಲೆ ತಲುಪಿದಾಗ ಮಗ ಬಾನೆಟ್ಟಿಗೆ ಒರಗಿ, ಮುಖದಲ್ಲಿ ಜ್ಞಾನೋದಯವಾದವರ ಕಳೆ ಹೊತ್ತು ನಿಂತಿದ್ದ.

"ಗೊತ್ತಾಯ್ತು. ಕಾರಲ್ಲಿ ದೋಷ ಇಲ್ಲ. ನಾನೊಬ್ಬನೇ ಇದ್ರೆ ಹತ್ತುತ್ತೆ. ನೀವಿಬ್ಬರೂ ಕೂತ್ರೆ ಹತ್ತಲ್ಲ. ಅಂದ್ಮೇಲೆ ದೋಷ ಎಲ್ಲಿದೆ?"

"ನಿನ್ನ ಹೆತ್ತಿದ್ದೇ ದೋಷ ಅಂತೀಯೇನೋ?" ಎಂದರು ತಾಯಿ. "ಒಂಬತ್ತು ತಿಂಗಳು ಹೊತ್ಕೊಂಡು ಇದಕ್ಕಿಂತ ದೊಡ್ಡ ದಿಬ್ಬ ಹತ್ತಿದೀನಿ. ಯಾರನ್ನೂ ಇಳಿ ಅನ್ನಲಿಲ್ಲ."

"ಒಂದೇ ಒಂದು ಸಲ ನಾನು ಓಡಿಸಿ ನೋಡ್ತೀನಿ, ಕೊಡ್ರೀ" ಎಂದಳು ಹೆಂಡತಿ.

"ನೀನಾ? ಇರೋ ಅಷ್ಟಿಷ್ಟು ಜೀವಾನೂ ಹೋಗ್ಲಿ ಅಂತಲಾ?" ಎಂದು ಸಾಹೇಬರು ಕೀಲಿಕೈಯನ್ನು ಚೀಲದೊಳಗಿಟ್ಟು, ಚೀಲವನ್ನು ಜೇಬಿನೊಳಗಿಟ್ಟು, ಜೇಬನ್ನು ಅಂಗೈಯಿಂದ ಮುಚ್ಚಿಕೊಂಡರು. "ಈ ಮುದಿ ಗಾಡಿ ಸಾಕು. ಗುಜರಿಗೆ ಹಾಕ್ತೀನಿ. ನಿಮ್ಮಪ್ಪ ಬೇಕಂತ್ಲೇ ನನ್ನ ತಲೆಗೆ ಕಟ್ಟಿ ಹೋಗಿದಾರೆ."

ಆ ರಾತ್ರಿ ಪಾತ್ರೆ ತೊಳೆಯುವಾಗ ಹೆಂಡತಿಗೆ ಅಳು ಬಂತು. ಅಪ್ಪ ಹೋದಾಗ ಅತ್ತದ್ದಕ್ಕಿಂತ ಇದು ಬೇರೆ ಥರದ್ದು; ಇದರಲ್ಲಿ ಸಿಟ್ಟು ಜಾಸ್ತಿ ಇತ್ತು.

ಗುಜರಿ ಅಂಗಡಿಯವನು ಮುಂದಿನ ಭಾನುವಾರವೇ ಬಂದ. ಕೆಸರಿನ ಚಪ್ಪಲಿ, ಬಾಯಲ್ಲೊಂದು ಕಡ್ಡಿ, ಯಾವುದನ್ನು ನೋಡಿದರೂ ಅರ್ಧ ಬೆಲೆಗೆ ಇಳಿಸುವ ಕಣ್ಣು. ಸಾಹೇಬರು ಬಾಗಿಲು ತೆಗೆದು, "ಇರಪ್ಪ, ಮ್ಯಾಟುಗಳು ನನ್ನವು, ಕಾರಿನ ಜೊತೆ ಬರಲ್ಲ" ಎಂದರು. ಮಾವ ಕೊಟ್ಟ ಕಾರು ಬೇಕಾದರೆ ಹೋಗಲಿ, ತಾವು ಕತ್ತರಿಸಿದ ಗೋಣಿತಟ್ಟು ಹೋಗಬಾರದು.

ಆಗ ನಡೆದದ್ದು ಒಂದು ಉತ್ಖನನ. ಮೊದಲು ನ್ಯೂಸ್‌ಪೇಪರು ಬಂತು. ಅದರ ಕೆಳಗೆ ಗೋಣಿತಟ್ಟು, ಅದರ ಕೆಳಗೆ ಮಡಿಸಿದ ಬೆಡ್‌ಶೀಟು, ಅದರ ಕೆಳಗೆ ನಾರಿನ ಮ್ಯಾಟು, ಅದರ ಕೆಳಗೆ ಸಾಹೇಬರು ಎಷ್ಟೋ ದಿನದಿಂದ ಹುಡುಕುತ್ತಿದ್ದ ಬಾಚಣಿಗೆ, ಅದರ ಕೆಳಗೆ ರಬ್ಬರು, ಪ್ಲಾಸ್ಟಿಕ್ಕು. ಎಲ್ಲಕ್ಕಿಂತ ಅಡಿಯಲ್ಲಿ ಮಾವನ ಕಾರ್ಪೆಟ್ಟು. ಅದರಲ್ಲಿ ಆಕ್ಸಿಲರೇಟರಿನ ಎದುರಿಗೆ, ವರ್ಷಾನುಗಟ್ಟಲೆ ಹಿಮ್ಮಡಿ ಊರಿ ಊರಿ ಸವೆದ ಸಣ್ಣ ಗುಳಿಯೊಂದಿತ್ತು. ಹೆಂಡತಿ ಬಗ್ಗಿ ಅದನ್ನು ಮುಟ್ಟಿದಳು. ಅಪ್ಪನ ಹಿಮ್ಮಡಿ. ಗುಜರಿಯವನು ಒಂದು ಸುತ್ತು ಓಡಿಸಿ ನೋಡುತ್ತೇನೆಂದು ಕೀಲಿ ಕೇಳಿದ.

"ದಿಬ್ಬದವರೆಗೆ ನಾನೂ ಕೂತು ಹೋಗಿ ಬರ್ತೀನಿ" ಎಂದಳು. "ಕೊನೇ ಸಲ."

"ದಿಬ್ಬದ ಬುಡದವರೆಗೆ ಅನ್ನು. ಮೇಲಕ್ಕೆಲ್ಲಿ ಹೋಗುತ್ತೆ" ಎಂದು ಸಾಹೇಬರು ನಕ್ಕರು. ತಾಯಿಯೂ, "ನಾನೂ ಬರ್ತೀನಿ, ನಿಂತ್ರೆ ನೀನೇ ಬಂದು ತಳ್ಳು" ಎಂದು ಹಿಂದೆ ಹತ್ತಿ ಕೂತರು.

ಗುಜರಿಯವನು ಕೆಸರು ಕಾಲಿನಿಂದ ಆಕ್ಸಿಲರೇಟರನ್ನು ಎರಡು ಸಲ ಜಜ್ಜಿ ಕೀಲಿ ತಿರುಗಿಸಿದ. ಕಾರು ಒಂದೇ ಉಸಿರಿಗೆ ಎದ್ದಿತು. ಗೇಟು ದಾಟಿತು, ಬೀದಿ ದಾಟಿತು, ಮೂವರನ್ನೂ ಹೊತ್ತು ದಿಬ್ಬವನ್ನು ಭರ್ರನೆ ಹತ್ತಿ ಟ್ಯಾಂಕಿನ ಹಿಂದೆ ಮರೆಯಾಯಿತು. ಸಾಹೇಬರು ಮ್ಯಾಟುಗಳ ರಾಶಿಯನ್ನು ಎದೆಗವಚಿಕೊಂಡು ನೋಡುತ್ತಲೇ ನಿಂತರು. "ಆರೋ ದೀಪ ಜೋರಾಗಿ ಉರಿಯುತ್ತೆ" ಎಂದು ಗೇಟಿಗೆ ವಿವರಿಸಿದರು. ಬೇರೆ ಯಾರೂ ಅಲ್ಲಿರಲಿಲ್ಲ.

ವಾಪಸ್ ಬಂದ ಗುಜರಿಯವನ ಮುಖ ಗಂಟಾಗಿತ್ತು.

"ಏನ್ ಸಾರ್, ತಮಾಷೆನಾ? ನಾನು ಸತ್ತ ಗಾಡಿ ತಗೊಳ್ಳೋನು. ಇದು ನನ್ನ ಗಾಡಿಗಿಂತ ಚೆನ್ನಾಗಿ ಓಡುತ್ತೆ. ಇಷ್ಟು ಚೆನ್ನಾಗಿರೋದನ್ನ ಗುಜರಿಗೆ ಕೊಡ್ತೀರಿ ಅಂದ್ರೆ ಏನೋ ಇದೆ. ಕದ್ದಿದ್ದಾ?"

"ಕದ್ದಿದ್ದಾ ಅಂದ್ರೆ? ಕೆಟ್ಟಿದೆ ಕಣಯ್ಯ. ನಾನು ತನಿಖೆ ಮಾಡಿದೀನಿ."

"ಎಲ್ಲಿ ಕೆಟ್ಟಿದೆ ತೋರ್ಸಿ ನೋಡೋಣ."

ಸಾಹೇಬರ ಸ್ವಾಭಿಮಾನ ಕೆರಳಿತು. ಅವರು ಬಾಗಿಲು ತೆಗೆದರು, ಕಾರ್ಪೆಟ್ಟಿನ ಮೇಲಿನ ಕೆಸರು ನೋಡಿದರು, ಆ ಅವಸರದಲ್ಲೂ ಅವರಿಂದ ಸಹಿಸಲಾಗಲಿಲ್ಲ. ಪ್ಲಾಸ್ಟಿಕ್ಕಿನಿಂದ ಹಿಡಿದು ನ್ಯೂಸ್‌ಪೇಪರಿನವರೆಗೆ ಒಂದೂ ಬಿಡದೆ ಕ್ರಮವಾಗಿ ಹಾಸಿ, ಅಂಚು ಸರಿಮಾಡಿ, ಕೂತು, ಕಾಲು ಒತ್ತಿ ಕೀಲಿ ತಿರುಗಿಸಿದರು. ಕಾರು ಕೆಮ್ಮಿತು. ಮತ್ತೆ ತಿರುಗಿಸಿದರು. ಮತ್ತೆ ಕೆಮ್ಮಿ ಸುಮ್ಮನಾಯಿತು.

ಸಾಹೇಬರ ಮುಖ ಅರಳಿದ್ದನ್ನು ನೋಡಬೇಕಿತ್ತು. ಕಾರು ಕೆಟ್ಟಿತೆಂದು ಅಷ್ಟು ಖುಷಿಪಟ್ಟ ಮನುಷ್ಯನನ್ನು ಬೀದಿ ಹಿಂದೆ ಕಂಡಿರಲಿಲ್ಲ. "ನೋಡಿದ್ಯಾ? ನೋಡಿದ್ಯಾ? ನಾನು ಹೇಳಿದ್ನಾ ಇಲ್ವಾ? ಇದು ಯಾರ ಕೈಲೂ ಆಗಲ್ಲ. ತಗೊಂಡು ಹೋಗು."

ಗುಜರಿಯವನೂ ಸಮಾಧಾನಗೊಂಡು ಕಡ್ಡಿಯನ್ನು ಬಾಯಿಯ ಈ ಕಡೆಯಿಂದ ಆ ಕಡೆಗೆ ಹೊರಳಿಸಿದ. "ಹಾಗೆ ಹೇಳಿ ಮತ್ತೆ. ಹಗ್ಗ ತರ್ತೀನಿ" ಎಂದು ಹೊರಟ.

ಹೆಂಡತಿ ಅಷ್ಟು ಹೊತ್ತೂ ತೆರೆದ ಬಾಗಿಲಿನ ಪಕ್ಕ ನಿಂತಿದ್ದಳು. ಗಂಡನ ಮುಖ ನೋಡಿದಳು, ಆಮೇಲೆ ಅವರ ಕಾಲು ನೋಡಿದಳು. ಆಕ್ಸಿಲರೇಟರ್ ಎಂಬುದು ಆ ಹಾಸುಗಳ ಗುಡ್ಡದ ಮೇಲೆ ತಲೆಯಿಟ್ಟು ಮಲಗಿತ್ತು. ಸಾಹೇಬರು ಇಷ್ಟು ದಿನ ಒತ್ತುತ್ತಿದ್ದದ್ದು ಗೋಣಿತಟ್ಟನ್ನು.

"ರೀ, ನೀವು ಸ್ವಲ್ಪ ಇಳೀತೀರಾ?" ಎಂದಳು.

"ಯಾಕೆ?"

"ತನಿಖೆ."

ಅವಳ ದನಿಯಲ್ಲಿ ಏನಿತ್ತೋ, ಸಾಹೇಬರು ಇಳಿದರು. ಅವಳು ಬಗ್ಗಿ, ಎಲ್ಲ ಹಾಸುಗಳನ್ನೂ ಒಟ್ಟಿಗೆ ಹಿಡಿದು ಎಳೆದು ಅವರ ಕೈಗೆ ಹೇರಿದಳು. ಸೀಟಿನಲ್ಲಿ ಕೂತಳು. ಹಿಮ್ಮಡಿಯನ್ನು ಅಪ್ಪನ ಗುಳಿಯಲ್ಲಿಟ್ಟು, ಎರಡು ಸಲ ಪೂರ್ತಿ ತುಳಿದು, ಕೀಲಿ ತಿರುಗಿಸಿದಳು. ಕಾರು ಎದ್ದು ಗುಂಯ್‌ಗುಟ್ಟಿತು. ಹಗ್ಗ ತಂದ ಗುಜರಿಯವನು ಅದನ್ನು ಅಲ್ಲೇ ಸುತ್ತಿಕೊಂಡು, ಈ ಮನೆಯವರಿಗೆ ತಲೆ ಸರಿಯಿಲ್ಲ ಎಂದು ಗೊಣಗುತ್ತ ಹೊರಟುಹೋದ.

"ಪ್ಲಗ್... ಕಾಯಿಲ್..." ಎಂದರು ಸಾಹೇಬರು.

"ಬಚ್ಚಲ ಬಾಗಿಲು ಕಣೋ" ಎಂದರು ಹಿಂದಿನ ಸೀಟಿನಿಂದ ಇಳಿದೇ ಇರದ ತಾಯಿ. "ಅಡೀಲಿ ಅಷ್ಟೊಂದು ತುರುಕಿದ್ರೆ ಅದು ತೆರೆಯುತ್ತಾ? ಇದೂ ಅಷ್ಟೇ. ತನ್ನ ತಟ್ಟೇಲಿ ಹೆಗ್ಗಣ ಬಿದ್ದಿದ್ರೂ ಪಕ್ಕದವರ ತಟ್ಟೆಯ ನೊಣ ಓಡಿಸೋಕೆ ಹೋದ್ನಂತೆ. ನನ್ನನ್ನ ಬಿಸಿಲಲ್ಲಿ ಇಳಿಸಿದ್ಯಲ್ಲೋ."

"ಮ್ಯಾಟ್ ಹಾಕೋದು ತಪ್ಪಾ? ಕಾರು ಚೆನ್ನಾಗಿರ್ಲಿ ಅಂತ ತಾನೇ..." ಸಾಹೇಬರ ದನಿ ಅರ್ಜಿ ಹಿಡಿದು ಬಂದವರ ದನಿಯಂತಿತ್ತು. "ಅಷ್ಟು ಸಾಮಾನು ಸುಮ್ನೆ ಬದಲಾಯ್ಸಿದ್ನಲ್ಲ, ಅದಕ್ಕೇನು ಮಾಡೋದು?"

"ಸ್ವಯಂಕೃತ" ಎಂದಳು ಹೆಂಡತಿ, ಕನ್ನಡಿ ಸರಿಮಾಡಿಕೊಳ್ಳುತ್ತ. "ಪರಿಹಾರ ಇಲ್ಲ. ಹತ್ತಿ, ಅತ್ತೆ ಕನ್ನಡಕ ತರೋಣ."

ಸಾಹೇಬರು ಹಾಸುಗಳ ಸಮೇತ ಹಿಂದಿನ ಸೀಟಿನಲ್ಲಿ ತಾಯಿಯ ಪಕ್ಕ ತುರುಕಿಕೊಂಡರು. ಕಾರು ನೆಟ್ಟಗೆ ಹೋಗುತ್ತಿತ್ತು. ಅದೇ ಅವರಿಗೆ ಹಿಂಸೆ. "ಗೇರ್ ಬದಲಾಯ್ಸು... ಮೆಲ್ಲಗೆ... ಆ ಕಡೆ ಸೈಕಲ್ಲು... ಕ್ಲಚ್ ಮೇಲಿಂದ ಕಾಲು ತೆಗಿ" ಎಂದು ಒಂದೇ ಸಮನೆ ಶುರುವಿಟ್ಟುಕೊಂಡರು. ದಿಬ್ಬದ ಬುಡ ಬಂದಾಗ ಕಾರು ತಾನಾಗಿ ನಿಲ್ಲಲಿಲ್ಲ, ಹೆಂಡತಿ ನಿಲ್ಲಿಸಿದಳು.

"ಯಾಕೆ, ಏನಾಯ್ತು? ಪಿಕಪ್ ಹೋಯ್ತಾ?" ಎಂದು ಸಾಹೇಬರು ಆಸೆಯಿಂದ ಕೇಳಿದರು.

"ಇಲ್ಲ. ನಿಮ್ಮ ಪರೀಕ್ಷೆ ಅರ್ಧಕ್ಕೇ ನಿಂತಿತ್ತಲ್ಲ. ಅತ್ತೆ ಇಳಿದು ನೋಡಿದ್ದಾಯ್ತು, ನಾನು ಇಳಿದು ನೋಡಿದ್ದಾಯ್ತು. ಇಳೀದೇ ಇದ್ದಿದ್ದು ನೀವೊಬ್ಬರೇ."

ಸಾಹೇಬರು ತಾಯಿಯ ಮುಖ ನೋಡಿದರು. ತಾಯಿ ಕೈ ಚಾಚಿ ಬಾಗಿಲು ತೆಗೆದು ಕೊಟ್ಟರು. ಆ ಬಾಗಿಲು ಮಾತ್ರ ಪೂರ್ತಿ ತೆರೆಯಿತು.

ಅವರು ಇಳಿದು ಬಾಗಿಲು ಹಾಕುವಷ್ಟರಲ್ಲಿ ಕಾರು ದಿಬ್ಬದ ಅರ್ಧ ದಾಟಿತ್ತು. ಸಾಹೇಬರು ಬಿಸಿಲಲ್ಲಿ, ನಾರಿನ ಮ್ಯಾಟನ್ನು ಹೆಗಲ ಮೇಲೂ ಉಳಿದದ್ದನ್ನು ಕಂಕುಳಲ್ಲೂ ಇಟ್ಟುಕೊಂಡು ಹತ್ತತೊಡಗಿದರು. ಎಲ್ಲಿಯಾದರೂ ಎಸೆಯಬಹುದಿತ್ತು, ಎಸೆಯಲು ಮನಸ್ಸಾಗಲಿಲ್ಲ. ಮಧ್ಯದ ಕಟ್ಟೆಯ ಹತ್ತಿರ ಒಂದು ಮನೆಯ ಗೇಟಿನಿಂದ ಹೆಂಗಸೊಬ್ಬಳು ತಲೆ ಹೊರಹಾಕಿ ಕರೆದಳು.

"ಏ ಮ್ಯಾಟಿನವ್ನೇ, ನಿಲ್ಲಪ್ಪ. ಬಾಗಿಲಿಗೆ ಹಾಕೋಕೆ ಚೆನ್ನಾಗಿರೋದು ಇದ್ಯಾ?"

ಸಾಹೇಬರು ನಿಂತರು. ತಾವು ಯಾರು, ಯಾವ ಕಚೇರಿ, ಎಂಥ ಹುದ್ದೆ ಎಂದೆಲ್ಲ ಹೇಳಲು ಉಸಿರು ಸಾಲಲಿಲ್ಲ.

"ಇದು ಕಾರಿಗೆ ಹಾಕೋದು" ಎಂದರು.

"ಹೌದಾ? ಕಾರೆಲ್ಲಿ?"

ಸಾಹೇಬರು ದಿಬ್ಬದ ತುದಿಯ ಕಡೆ ಕೈ ತೋರಿಸಲು ಹೋದರು. ಕಂಕುಳಿನಿಂದ ಗೋಣಿತಟ್ಟು ಜಾರಿ ರಸ್ತೆಗೆ ಬಿತ್ತು. ಹೆಂಗಸು ಬಂದು ಅದನ್ನು ಎತ್ತಿ, ಎರಡೂ ಕಡೆ ಮಗುಚಿ ನೋಡಿ, "ಇಷ್ಟು ದಪ್ಪ ಬೇಡಪ್ಪ, ಬಾಗಿಲು ತೆರೆಯಲ್ಲ" ಎಂದು ವಾಪಸ್ ಕೊಟ್ಟಳು.